ಝಂಝಂ ನೀರಿಗೆ ಎರಡು ಚಮಚ ಪುಡಿ

ಅಲ್ ಖರ್ಜ್, ಸೌದಿ ಅರೇಬಿಯ
14 ನವೆಂಬರ್ 2024

ಪ್ರೀತಿಯ ಹಾಜರಾ ಅಕ್ಕನಿಗೆ ತಮ್ಮ ಫವಾಝನ ಸಲಾಂ.

ನಿನ್ನ ಮೂರು ವಾಯ್ಸ್ ಮೆಸೇಜಿಗೂ ಉತ್ತರ ಕೊಡಲಿಲ್ಲ, ಕ್ಷಮಿಸು. ಫೋನಿನಲ್ಲಿ ನನಗೆ ಹೂಂ, ಊಹೂಂ ಬಿಟ್ಟು ಬೇರೆ ಮಾತು ಬರುವುದಿಲ್ಲ. ಅದಕ್ಕೇ ಐದನೇ ಕ್ಲಾಸಿನ ಕನ್ನಡದಲ್ಲಿ ಬರೆದು, ನಾಳೆ ರಜೆಗೆ ಊರಿಗೆ ಬರುವ ನಮ್ಮ ರೂಮಿನ ಶಿಹಾಬ್‌ನ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ಭಾವ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮೊನ್ನೆ ರೂಮಿಗೆ ಬಂದರು. ನ್ಯುಮೋನಿಯ ಇಳಿದಿದೆ. ಕ್ಯಾನ್ಸರ್ ತಿರುಗಿ ಬಂತಾ ಎಂದು ನೀನು ಕೇಳಿದ್ದೆ. ಇಲ್ಲ. ಹೋದ ವರ್ಷ ಗಂಟಲಿಗೆ ಕೊಟ್ಟ ರೇಡಿಯೇಷನ್‌ನಿಂದ ನುಂಗುವ ಶಕ್ತಿ ಕಡಿಮೆಯಾಗಿದೆ. ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವು ಸಲ ಕೆಮ್ಮು ಕೂಡ ಬರುವುದಿಲ್ಲ, ಜ್ವರ ಬಂದಾಗಲೇ ತಿಳಿಯುವುದು. ಅದಕ್ಕೇ ನೀರಿಗೆ ಪುಡಿ ಹಾಕಿ ಮಂದ ಮಾಡಿ ಕುಡಿಯಬೇಕು.

ನಮ್ಮ ರೂಮಿನಲ್ಲಿ ಆರು ಜನ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುತ್ತೇವೆ. ಭಾವನಿಗೆ ಬೇರೆ ಬಟ್ಟಲು, ಅರೆದ ಗಂಜಿ. ಆದರೂ ಅವರು ನಮ್ಮ ಜೊತೆಯೇ ಕೂರುತ್ತಾರೆ. ಗಲ್ಲವನ್ನು ಎದೆಗೆ ತಾಗಿಸಿ ಒಂದೊಂದು ಚಮಚವನ್ನೂ ಎರಡೆರಡು ಸಲ ನುಂಗುತ್ತಾರೆ. ನಮ್ಮ ಬಿರಿಯಾನಿಯ ಕಡೆ ಕಣ್ಣು ಹಾಯಿಸುವುದಿಲ್ಲ. ಉಣ್ಣುವಾಗ ಮಾತಾಡಬಾರದೆಂದು ಡಾಕ್ಟರ್ ಹೇಳಿದ್ದಾರೆ, ಆಡುವುದಿಲ್ಲ. ಆ ಬಾಯಿ ಮುಚ್ಚಿಸಲು ನಿನಗೇ ಆಗುತ್ತಿರಲಿಲ್ಲ.

ಬೆಳಿಗ್ಗೆ ಕನ್ನಡಿಯ ಮುಂದೆ ನಾಲಿಗೆ ಚಾಚಿ ವ್ಯಾಯಾಮ ಮಾಡುತ್ತಾರೆ. "ಎಂತ ರಹ್ಮಾನಾಕ, ಕನ್ನಡಿಯನ್ನು ಅಣಕಿಸುವುದಾ?" ಎಂದು ಶಿಹಾಬ್ ಕೇಳಿದ.

"ಹೌದು ಮಾರಾಯ, ಹಿಂದೆ ನಿನ್ನ ಮುಖ ಕಂಡಿತು" ಎಂದರು ಭಾವ.

ಅಂಥ ಧೈರ್ಯ ನನಗೆ ಈ ಜನ್ಮದಲ್ಲಿ ಬರಲಿಕ್ಕಿಲ್ಲ.

ಆಸ್ಪತ್ರೆಯಲ್ಲಿ ಉಡುಪಿಯ ಸಿಸ್ಟರ್ ಕಾರ್ಮೆಲಿನ್ ಇದ್ದರು. "ಪುಡಿ ಹಾಕದ ನೀರು ಯಾರು ಕೊಟ್ಟದ್ದು?" ಎಂದು ಕೇಳಿದರು.

"ಯಾರೂ ಕೊಡಲಿಲ್ಲ ಸಿಸ್ಟರ್. ಬಾಯಾರಿತು, ನಾನೇ ಕುಡಿದೆ."

"ಎಂತದು ಮಾರಾಯ್ರೆ, ಅಷ್ಟು ಸಲ ಹೇಳಿಯೂ? ಸಣ್ಣ ಮಕ್ಕಳಾ ನೀವು?"

ಭಾವ ತಲೆ ತಗ್ಗಿಸಿ ಎಲ್ಲ ಬೈಗುಳ ಕೇಳಿಸಿಕೊಂಡರು.

ಅವರೇ ನೀರು ಕುಡಿದರೆಂಬ ಈ ಮಾತು ಕೇಳಿದ ಮೇಲೆ ನೀನು ಅವರ ಹತ್ತಿರ ಮಾತು ಬಿಟ್ಟಿದ್ದೀಯ. "ಮಕ್ಕಳ ನೆನಪಿದ್ದರೆ ಹೀಗೆ ಮಾಡುತ್ತಿದ್ದರಾ" ಎಂದು ನನಗೆ ಹೇಳಿ ಕಳುಹಿಸಿದೆ. ಅದನ್ನು ನಾನು ಅವರಿಗೆ ಹೇಳಲಿಲ್ಲ. ಅವರು ದಿನಕ್ಕೆ ಹತ್ತು ಸಲ ಫೋನ್ ತೆಗೆದು ನೋಡಿ ಕೆಳಗಿಡುತ್ತಾರೆ.

ಝೀನತ್‌ಗೆ ಮಾಮನ ಮುತ್ತು. ಚೆನ್ನಾಗಿ ಓದಲಿ, ನನ್ನಂತೆ ನಡುವೆ ಬಿಡುವುದು ಬೇಡ. ಅಲ್ಲಾಹು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ತಮ್ಮ,
ಫವಾಝ್

ಮತ್ತೆ: ಅಂಟಿಸಿದ ಕವರನ್ನು ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ. ಅಕ್ಕ, ಆ ನೀರು ಕೊಟ್ಟದ್ದು ನಾನು. ಮಕ್ಕಾಕ್ಕೆ ಹೋಗಿ ನನ್ನ ಮೊದಲ ಉಮ್ರಾ ಮುಗಿಸಿ ಅಲ್ಲಿಯ ಪವಿತ್ರ ಝಂಝಂ ನೀರು ತಂದಿದ್ದೆ. ಅದಕ್ಕೆ ಪುಡಿ ಕಲಸಿದರೆ ತಪ್ಪಾಗುತ್ತದೆ ಎಂದುಕೊಂಡು ಲೋಟ ತುಂಬ ಹಾಗೆಯೇ ಕೊಟ್ಟೆ. "ಶಿಫಾ ಆಗುತ್ತದೆ ಭಾವ, ಗಂಟಲು ಗುಣವಾಗುತ್ತದೆ" ಎಂದೆ. ಅವರು ಪುಡಿಯ ಡಬ್ಬಿಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಬಿಸ್ಮಿ ಹೇಳಿ ಕುಡಿದರು. ಆಸ್ಪತ್ರೆಯಲ್ಲಿ ಸಿಸ್ಟರ್‌ಗೆ ನಿಜ ಹೇಳಲು ನಾನು ಬಾಯಿ ತೆರೆಯುವಾಗ ನನ್ನ ಕೈ ಹಿಡಿದು ಅದುಮಿದರು.

ನಿನ್ನೆ ಉಳಿದ ಝಂಝಂ ಅನ್ನು ಅವರೇ ಕೇಳಿದರು. ಎರಡು ಚಮಚ ಪುಡಿ ಹಾಕಿ ಕಲಸಿ, ಚಮಚದಲ್ಲಿ ಕೊಟ್ಟೆ.

ಬೈಯುವುದಿದ್ದರೆ ನನಗೆ ಬೈಯಿ. ಅವರಿಗೆ ಫೋನ್ ಮಾಡು. ಊಟದ ಹೊತ್ತಿಗೆ ಮಾತ್ರ ಬೇಡ. ನಿನ್ನ ಸ್ವರ ಕೇಳಿದರೆ ಬಾಯಲ್ಲಿ ಗಂಜಿ ಇರುವಾಗಲೇ ಮಾತಾಡಿಬಿಡುತ್ತಾರೆ.