ಕೆಂಪು ಮೇಪಲ್‌ನ ಬುಡ

ಕಿಯೊಜಿ,

ಈ ಪತ್ರಕ್ಕೆ ಅಂಚೆಚೀಟಿ ಹಚ್ಚುವುದಿಲ್ಲ. ಹಾಗಾಗಿ ನಿನ್ನ ಕ್ಷೇಮ ವಿಚಾರಿಸುವ ನಾಟಕವೂ ಬೇಡ.

ಒಂಬತ್ತು ವರ್ಷದ ಹಿಂದೆ ನೀನು ನನ್ನಿಂದ ಹಾವಿನಂಥ ಪಟ್ಟೆ ತೊಗಟೆಯ ಮೇಪಲ್ ಒಯ್ದು, ಬದಲಿಗೆ ವಸಂತದಲ್ಲೇ ಕೆಂಪಗೆ ಚಿಗುರುವ ಕಸಿ ಗಿಡ ಕೊಟ್ಟೆ. ಎರಡು ವರ್ಷ ಕೆಂಪಗೇ ಇತ್ತು. ಮೂರನೆಯ ವಸಂತಕ್ಕೆ ಬರೀ ಹಸಿರು, ಥೇಟ್ ಗುಡ್ಡದ ಕಾಡುಮೇಪಲ್. ನಾನಿಲ್ಲದಾಗ ಕಿಯೊಜಿ ಬಂದು ಗಿಡ ಬದಲಿಸಿದ್ದಾನೆ ಎಂದು ನಮ್ಮೂರು ಅಂಗ್ಯೋದ ನರ್ಸರಿಯವರ ಮುಂದೆಲ್ಲ ಹೇಳಿದೆ. ನೀನು ಕೇಳಿದ್ದು ಇಷ್ಟೇ: "ಬುಡ ನೋಡಿದ್ಯೇನೋ?" ಅದೂ ನಿನ್ನ ಕುತಂತ್ರವೆಂದು ನಾನು ಬಗ್ಗಿ ನೋಡಲೇ ಇಲ್ಲ. ನೀನು ಊರು ಬಿಟ್ಟೆ. ತಪ್ಪು ಮಾಡದವನು ಯಾಕೆ ಹೋಗುತ್ತಾನೆ ಎಂದುಕೊಂಡೆ.

ಇವತ್ತು ಗಿಡ ಕೊಳ್ಳಲು ಬೇರೆ ಊರಿನ ತಾಜುಕೊ ಅಜ್ಜಿ ಬಂದಿದ್ದಳು. ಕಸಿಯಲ್ಲಿ ಪಳಗಿದ ಕೈ. ನೀನೇ ಕಳಿಸಿರಬೇಕೆಂದು ಅವಳ ಮೇಲೂ ಒಂದು ಕಣ್ಣಿಟ್ಟು, ಚಹಾ ಹಿಡಿದು ನಿಂತಿದ್ದೆ. ಅವಳು ಮಂಡಿಯೂರಿ ಬುಡದ ಪಾಚಿ ಕೆರೆದಳು.

"ನೋಡಪ್ಪಾ, ಕಸಿ ಗಂಟು ಇಲ್ಲೇ ಇದೆ. ಯಾರೋ ಪುಣ್ಯಾತ್ಮ ಮೇಲಿದ್ದ ಕೆಂಪು ಕೊಂಬೆ ಕತ್ತರಿಸಿ, ಗಂಟಿನ ಕೆಳಗಿನ ಕಾಡುಚಿಗುರು ಸಾಕಿದ್ದಾನೆ. ಚಳಿಗಾಲ್ದಲ್ಲಿ ಎಲೆ ಇಲ್ದಾಗ, ಸೊಂಪಾಗಿರೋದೇ ಕಸಿ ಅನ್ಕೊಂಡಿರ್ಬೇಕು."

"ಬೇಕಂತಲೇ ಕತ್ತರಿಸಿರ್ತಾರೆ," ಎಂದೆ.

"ಕತ್ತರಿಸಿದ ಗುರುತು ಎಡಕ್ಕೆ ಓರೆಯಾಗಿದೆ. ಎಡಗೈಯವ್ರದ್ದೇ ಕೆಲಸ. ನಿಮ್ಮ ಓಣೀಲಿ ಅಂಥೋರು ಯಾರಿದ್ರು?"

ನಾನು ಚಹಾದ ಬಟ್ಟಲನ್ನು ಮೆಲ್ಲಗೆ ಎಡಗೈಯಿಂದ ಬಲಗೈಗೆ ದಾಟಿಸಿಕೊಂಡು, ನಿನ್ನ ಹೆಸರು ಹೇಳಿದೆ.