ಅಪ್ಪನ ಕೈಯ ಹವಾಮಾನ

ಹಾಸ್ಟೆಲ್, ಭಾನುವಾರ ಮಧ್ಯಾಹ್ನ

ಅಪ್ಪಾ,

ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು "ಊಟ ಆಯ್ತಾ" ಅಂತ ಮಾತು ತೇಲಿಸುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಕನ್ನಡ ತಪ್ಪಿದ್ದರೆ ಅಮ್ಮನಿಗೆ ಓದಿ ಹೇಳಿ ನಗಬೇಡ. ಚಿಕ್ಕಂದಿನಿಂದ ಹಾಸ್ಟೆಲಿಗೆ ಹಾಕಿದ್ದು ನೀವೇ.

ರಜೆಯಲ್ಲಿ ಅಂಗಡಿ ಬೋರ್ಡ್ ಬರೆಯುವ ನಿನ್ನ ಕೈಗೆ ಮೊಬೈಲ್ ಕಟ್ಟಿ ನಡುಕ ರೆಕಾರ್ಡ್ ಮಾಡಿಕೊಂಡು ಬಂದೆನಲ್ಲ, ಅದೇ ಈಗ ನನ್ನ ಪ್ರಾಜೆಕ್ಟ್. "ಇದು ಜಾಸ್ತಿ ಆಗುತ್ತೆ ಅಂತ ನಿನ್ನ ಲೆಕ್ಕ ಹೇಳಿದ್ರೆ ಡಾಕ್ಟರ್ ಹತ್ರ ಹೋಗ್ತೀನಿ, ಇಲ್ಲಾಂದ್ರೆ ಸುಮ್ನಿರು" ಅಂದಿದ್ದೆ ನೀನು. ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೆ.

ಮೊದಲು ಎಷ್ಟು ಖುಷಿಯಾಗಿತ್ತು ಗೊತ್ತಾ! ಕಂಪ್ಯೂಟರಿನಲ್ಲಿ ನಿನ್ನ ನಡುಕ ಚೆಂದದ ಅಲೆಯ ಹಾಗೆ ಏರಿಳಿಯುತ್ತಿತ್ತು. ಮುಂದೆ ಯಾವಾಗ ಇಳಿಯುತ್ತೆ ಅಂತ ಲೆಕ್ಕ ಹಾಕಿ, ಆ ಧೈರ್ಯದಲ್ಲೇ "ನಾಳೆ ಬೆಳಿಗ್ಗೆ ಕೈ ನಿಲ್ಲುತ್ತೆ, ಬೇಕರಿ ಬೋರ್ಡು ಬರಿ" ಅಂತ ಫೋನ್ ಮಾಡಿದ್ದು. ನೀನು ನಂಬಿ ಏಣಿ ಹತ್ತಿದೆ. ಕೊನೆಯ ಅಕ್ಷರದ ಬಾಲ ಹಾವಾಯಿತು. ಬೇಕರಿಯವರು "ಹೊಸ ಸ್ಟೈಲಾ, ಚೆನ್ನಾಗಿದೆ" ಅಂದರಂತೆ. ಅವತ್ತಿನಿಂದ ನಾನು ನಿನಗೆ ಹವಾಮಾನ ಇಲಾಖೆ. ನಾನೂ ನಕ್ಕೆ. ಆದರೆ ನೀನು ಏಣಿ ಮೇಲಿದ್ದೆ ಅನ್ನೋದು ಆಮೇಲೆ ಹೊಳೆಯಿತು.

ಲೆಕ್ಕವನ್ನು ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂಗೆ ತೋರಿಸಿದೆ. ಬೈಯಲಿಲ್ಲ. ಒಂದು ಉಯ್ಯಾಲೆ ನೆನೆಸಿಕೋ ಅಂದರು. ದಾರಿಯಲ್ಲಿ ಹೋಗುವವರೆಲ್ಲ ಮನಸ್ಸು ಬಂದಾಗ ಒಂದೊಂದು ತಳ್ಳು ಕೊಟ್ಟು ಹೋಗುತ್ತಿದ್ದಾರೆ. ಈಗಿನ ಜೀಕು ನೋಡಿ ಮುಂದಿನ ಜೀಕು ಹೇಳಬಹುದು. ಅದರಾಚೆ ಯಾರು ಯಾವಾಗ ತಳ್ಳುತ್ತಾರೋ? ಸಾಮಾನ್ಯವಾಗಿ ಇಷ್ಟು ದೂರ ಆಡುತ್ತದೆ ಎನ್ನಬಹುದು, ಅಷ್ಟೇ. ನಿನ್ನ ಕೈಯ ನಡುಕವೂ ಹಾಗೇ ಅಂತೆ. ಇನ್ನೂ ಡೇಟಾ ತರಲಾ ಅಂತ ಕೇಳಿದೆ. "ಇಡೀ ವರ್ಷದ್ದು ತಂದ್ರೂ ಅಷ್ಟೇ ಕಣಮ್ಮ" ಅಂದರು.

ಹಾಗಾಗಿ ಅಪ್ಪಾ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಜಾಸ್ತಿಯಾಗುತ್ತೆ ಅಂತಲೂ ಹೇಳಲಾರೆ, ಆಗಲ್ಲ ಅಂತಲೂ. ಪರೀಕ್ಷೆಗೆ ಯಾವ ಪ್ರಶ್ನೆ ಬರುತ್ತೋ ಅಂತ ವಾರವಿಡೀ ಉಗುರು ಕಚ್ಚುವ ನನಗೆ ಇದನ್ನು ಒಪ್ಪಿಕೊಳ್ಳೋದು ಎಷ್ಟು ಕಷ್ಟ, ನೀನೇ ಯೋಚಿಸು. ವಿಚಿತ್ರ ಅಂದರೆ, ಒಪ್ಪಿಕೊಂಡ ಮೇಲೆ ಒಳ್ಳೆ ನಿದ್ದೆ ಬಂತು. ನನ್ನ ಲೆಕ್ಕಕ್ಕಾಗಿ ಕಾಯಬೇಡ. ಹೋಗಿ ಡಾಕ್ಟರಿಗೆ ಕೈ ತೋರಿಸು. ಹಟ ಮಾಡಬೇಡ, ಪ್ಲೀಸ್.

ನಿನ್ನ
ಗುಬ್ಬಿ

ತಾ.ಕ.: ಪ್ರಾಜೆಕ್ಟಿನಲ್ಲಿ ಹೋಲಿಸಿ ನೋಡಲು ನಡುಗದ ಕೈಯೊಂದು ಬೇಕಿತ್ತು. ನನ್ನದನ್ನೇ ರೆಕಾರ್ಡ್ ಮಾಡಿದೆ. ರೂಮ್‌ಮೇಟ್ ಎರಡೂ ಗ್ರಾಫ್ ನೋಡಿ "ಇದ್ರಲ್ಲಿ ನಿಮ್ಮಪ್ಪಂದು ಯಾವ್ದು, ಹೇಳೇ" ಅಂದಳು. ಶನಿವಾರ ಬರುತ್ತೇನೆ. ಡಾಕ್ಟರ್ ಹತ್ತಿರ ಎರಡು ಹೆಸರು ಬರೆಸಿಡು, ನಿನ್ನದೂ ನನ್ನದೂ. ಅಮ್ಮನಿಗೆ ಇಬ್ಬರೂ ಸೇರಿ ಹೇಳೋಣ.