ಹೊಂದದ ಉತ್ತರ

ಹಳೇಬೀಡು, ಮಾರ್ಚ್ ೨೦೦೪

ಅವ್ವಾ,

ನೀನು ತೀರಿಹೋಗಿ ಎರಡು ವರ್ಷವಾದರೂ ಇದನ್ನು ನಿನಗೇ ಹೇಳಬೇಕೆನಿಸಿತು. ಮಂಡಿನೋವಿನವರಿಗಾಗಿ ನಾನು ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಇಲ್ಲಿ ಇನ್ನೂರು ಜನ ತುಂಬಿದ್ದರು. ಒಬ್ಬೊಬ್ಬರ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ರಾಶ್ ವಿಶ್ಲೇಷಣೆ ಮಾಡಿದಾಗ ಮಾದಮ್ಮ ಎಂಬವರ ಉತ್ತರ ಮಾತ್ರ ಹೊಂದಲಿಲ್ಲ. ಕಷ್ಟದ ಕೆಲಸ ಮಾಡಲು ಆಗುವವರಿಗೆ ಸುಲಭದ್ದೂ ಆಗಬೇಕು. ಇವರಿಗೆ ಮಾಲೇಕಲ್ಲು ಬೆಟ್ಟ ಹತ್ತಲು ಆಗುತ್ತದಂತೆ, ಮನೆಯ ಜಗಲಿ ಇಳಿಯಲು ಆಗುವುದಿಲ್ಲವಂತೆ. ಇವತ್ತು ಮತ್ತೆ ಹೋಗಿ ಕೇಳಿದೆ.

"ಬೆಟ್ಟಕ್ಕೆ ಮಗಳು ಕೈ ಹಿಡ್ಕೊಂಡು ಹತ್ತಿಸ್ತಾಳೆ ಕಣವ್ವ. ಜಗಲಿ ಒಬ್ಳೇ ಇಳೀಬೇಕಲ್ಲ," ಎಂದರು.

ಪ್ರಶ್ನೆಗೆ 'ಯಾರ ಸಹಾಯವೂ ಇಲ್ಲದೆ' ಎಂದು ಸೇರಿಸಿಕೊಂಡೆ.

"ನಿಮ್ಮವ್ವಂಗೆ ಬೆಟ್ಟ ಹತ್ತಾಕಾಯ್ತಿತ್ತಾ?" ಎಂದು ಮಾದಮ್ಮ ಕೇಳಿದರು.

ಗೊತ್ತಿಲ್ಲ ಎಂದೆ. ನೀನು ಬೆಟ್ಟಕ್ಕೆ ಕರೆದಾಗಲೆಲ್ಲ ನನಗೆ ರಜೆ ಇರಲಿಲ್ಲ.

ಹೊರಡುವಾಗ ಮಾದಮ್ಮನ ಕೈ ಹಿಡಿದು ಜಗಲಿ ಇಳಿಸಿದೆ. ಇಳಿಸಿದ ಮೇಲೂ ಕೈ ಬಿಡಲು ಮನಸ್ಸಾಗಲಿಲ್ಲ, ಅವ್ವಾ.

ಹೇಮಾ